ಊರ ತಂಡದ ವಿಶಿ



ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಯಾವುದು ಗೊತ್ತೇ? 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್‌ನಲ್ಲಿ ಮದರಾಸು ಮತ್ತು ಮೈಸೂರು ತಂಡಗಳ ನಡುವೆ ನಡೆದದ್ದು. ನಮ್ಮವರು 48 ಮತ್ತು 59 ರನ್ನಿಗೆ ಆಲೌಟ್. ಒಂದೇ ದಿನದಲ್ಲಿ ಆಟ ಮುಗಿದು ಇನಿಂಗ್ಸ್ ಸೋಲು! ಆ ಬಳಿಕ 1941-42ರಲ್ಲಿ, 1959-60ರಲ್ಲಿ ಫೈನಲ್ ತಲುಪಿದರೂ ಎರಡು ಬಾರಿಯೂ ಬಾಂಬೆ ಎದುರು ಸೋತೆವು. ಕಪ್ ಮಾತ್ರ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಇಂಥ ತಂಡಕ್ಕೆ 1967ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಒಬ್ಬ ಪುಟ್ಟ ಆಳಿನ ಹುಡುಗ ಬಂದ. ಹೆಸರು ಗುಂಡಪ್ಪ ವಿಶ್ವನಾಥ್. ಆಂಧ್ರದ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲೇ 230 ರನ್ ಹೊಡೆದ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅಲ್ಲಿಂದ ದೇಶವೇ ಅವರನ್ನು 'ವಿಶಿ' ಎಂದು ಕರೆಯತೊಡಗಿತು.

ಆ ಕಾಲದಲ್ಲಿ ಕ್ರಿಕೆಟ್ ಹೊಟ್ಟೆ ತುಂಬಿಸುತ್ತಿರಲಿಲ್ಲ. ಆಟಗಾರರು ರಾಜ್ಯದಿಂದ ರಾಜ್ಯಕ್ಕೆ ಹೋಗುವುದು ಸಾಮಾನ್ಯವಾಗಿತ್ತು. ಬಾಂಬೆಯ ವಿಜಯ್ ಮಾಂಜ್ರೇಕರ್ ಅವರಂಥ ದೊಡ್ಡ ಬ್ಯಾಟ್ಸ್‌ಮನ್ ಆರು ತಂಡಗಳಿಗೆ ರಣಜಿ ಆಡಿದರು. ಅದರಲ್ಲಿ ತಪ್ಪೇನೂ ಇಲ್ಲ. ಅನ್ನ ಅರಸಿ ಊರು ಬಿಟ್ಟು ಈ ಮಹಾನಗರಕ್ಕೆ ಬಂದ ನಮಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ವಿಶಿ ಕೊನೆಯವರೆಗೂ ಬೇರೆ ಯಾವ ರಾಜ್ಯಕ್ಕೂ ರಣಜಿ ಆಡಲಿಲ್ಲ. ಪ್ರಸನ್ನ, ಚಂದ್ರಶೇಖರ್ ಅವರೂ ಹಾಗೆಯೇ.

ಅದರ ಫಲ 1974ರ ಮಾರ್ಚ್‌ನಲ್ಲಿ ಸಿಕ್ಕಿತು. ಮೈಸೂರು ರಾಜ್ಯ ಕರ್ನಾಟಕವಾಗಿ ಇನ್ನೂ ಐದು ತಿಂಗಳೂ ತುಂಬಿರಲಿಲ್ಲ. ಬೆಂಗಳೂರಿನಲ್ಲಿ ಸೆಮಿಫೈನಲ್. ಎದುರಿಗೆ 1958-59ರಿಂದ ಸತತ 15 ಬಾರಿ ಕಪ್ ಗೆದ್ದ ಬಾಂಬೆ. ಅಜಿತ್ ವಾಡೇಕರ್, ಸುನಿಲ್ ಗಾವಸ್ಕರ್, ಏಕನಾಥ್ ಸೋಲ್ಕರ್, ಹೀಗೆ ಭಾರತ ತಂಡದ ಅರ್ಧ ಭಾಗವೇ ಅಲ್ಲಿತ್ತು ಅನ್ನಿ. ವಿಶಿ 162, ಬ್ರಿಜೇಶ್ ಪಟೇಲ್ 106. ಕರ್ನಾಟಕದ ಮೊತ್ತ 385. ಬಾಂಬೆ ಆಡಲಿಳಿದಾಗ ನಾಯಕ ಪ್ರಸನ್ನ ಅವರ ಚೆಂಡು ಗಾವಸ್ಕರ್ ಅವರ ವಿಕೆಟ್ ಉರುಳಿಸಿತು. ಚೆನ್ನಾಗಿ ಆಡುತ್ತಿದ್ದ ವಾಡೇಕರ್ ಓಡುವಾಗ ಜಾರಿ ರನ್ ಔಟಾದರು. ಬಾಂಬೆ 307ಕ್ಕೆ ಮುಗಿಯಿತು. ಮೊದಲ ಇನಿಂಗ್ಸ್ ಮುನ್ನಡೆಯಿಂದ ಕರ್ನಾಟಕ ಗೆದ್ದಿತು. ಹದಿನೈದು ವರ್ಷದ ಕೋಟೆ ಬಿತ್ತು!

ಬಳಿಕ ಜೈಪುರದಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿ ಮೊದಲ ಸಲ ಕಪ್ ಮನೆಗೆ ತಂದರು. ಚೆಪಾಕ್‌ನ ಆ ಸೋಲಿನಿಂದ ಎಣಿಸಿದರೆ 40ನೇ ಋತು. 1977-78ರಲ್ಲಿ ಎರಡನೇ ಕಪ್. ಆ ಫೈನಲ್‌ನಲ್ಲಿ ಉತ್ತರ ಪ್ರದೇಶದ ವಿರುದ್ಧ ವಿಶಿ ಹೊಡೆದದ್ದು 247. ಕರ್ನಾಟಕದ ಬಳಿ ಇಂದು ಎಂಟು ರಣಜಿ ಕಪ್‌ಗಳಿವೆ. ಆ ಲೆಕ್ಕ ಶುರುವಾದದ್ದು ಜೈಪುರದಲ್ಲಿ.

ಇನ್ನೊಂದು ತಮಾಷೆ ಕೇಳಿ. ವಿಶಿ ಮದುವೆಯಾದದ್ದು ಗಾವಸ್ಕರ್ ಅವರ ತಂಗಿ ಕವಿತಾ ಅವರನ್ನು. ಮನೆಯಲ್ಲಿ ಬೀಗತನ, ಮೈದಾನದಲ್ಲಿ ಮಾತ್ರ ಕರ್ನಾಟಕ ಕರ್ನಾಟಕವೇ, ಬಾಂಬೆ ಬಾಂಬೆಯೇ.

ಇಟಲಿಯಲ್ಲಿ ಫ್ರಾನ್ಸೆಸ್ಕೊ ಟೊಟ್ಟಿ ಎಂಬ ಫುಟ್ಬಾಲ್ ಆಟಗಾರನಿದ್ದ. ಹುಟ್ಟಿದ ರೋಮ್ ನಗರದ ತಂಡಕ್ಕೆ 1993ರಿಂದ 2017ರವರೆಗೆ ಆಡಿದ. ಲೀಗ್ ಗೆದ್ದದ್ದು 2001ರಲ್ಲಿ ಒಂದೇ ಸಲ. ಆದರೂ ರೋಮ್‌ನವರಿಗೆ ಆತ ಮನೆಮಗ. ಕಪ್‌ಗಳ ಎಣಿಕೆ ಒಂದಾದರೆ, ಜೊತೆಗಿದ್ದವರ ನೆನಪು ಇನ್ನೊಂದು.

ಶ್ರೋತೃಗಳೇ, ವಿಶಿಯ 91 ಟೆಸ್ಟ್, 6080 ರನ್, 14 ಶತಕ ಪುಸ್ತಕದಲ್ಲಿವೆ. ಸೋಲುತ್ತಿದ್ದ ಕಾಲದಲ್ಲಿ ಊರ ತಂಡಕ್ಕೆ ಬಂದು, ಗೆದ್ದ ಮೇಲೂ ಅಲ್ಲೇ ಉಳಿದದ್ದು ಮಾತ್ರ ಅಂಕಿಯಲ್ಲಿ ಸಿಗುವುದಿಲ್ಲ. ಊರಲ್ಲಿ ಉಳಿಯುವ ಅದೃಷ್ಟ ನಮ್ಮೆಲ್ಲರಿಗೂ ಇಲ್ಲ. ಕರ್ನಾಟಕದ ಸ್ಕೋರು ಎಷ್ಟಾಯಿತು ಎಂದು ಕೇಳುವುದನ್ನಾದರೂ ಬಿಡದಿರೋಣ.