ನಿಲ್ಲಿಸಿಟ್ಟ ಕಾರುಗಳಲ್ಲಿ ತುಕ್ಕು

ನಿಲ್ಲಿಸಿಟ್ಟ ಕಾರುಗಳಲ್ಲಿ ತುಕ್ಕು ಎಂದರೆ ವರ್ಷಗಟ್ಟಲೆ ಓಡಿಸದೆ ಒಂದೆಡೆ ಬಿಟ್ಟ ಕಾರಿನ ಉಕ್ಕಿನ ಭಾಗಗಳು ನೀರು ಮತ್ತು ಆಮ್ಲಜನಕದ ಸಂಪರ್ಕದಿಂದ ಕ್ರಮೇಣ ನಾಶವಾಗುವ ಕ್ರಿಯೆ. ಓಡದ ಕಾರು ಸವೆಯುವುದಿಲ್ಲ ಎಂಬುದು ಸಾಮಾನ್ಯ ನಂಬಿಕೆ. ಗೇರು, ಬೇರಿಂಗುಗಳ ಮಟ್ಟಿಗೆ ಇದು ಬಹುಪಾಲು ನಿಜವಾದರೂ ಬಾಡಿಯ ಮಟ್ಟಿಗೆ ಸುಳ್ಳು. ನಿಂತ ಕಾರಿನ ಸಂದುಗಳಲ್ಲಿ ಸೇರಿದ ನೀರು ಹೊರಹೋಗುವುದೂ ಇಲ್ಲ, ಬೇಗ ಒಣಗುವುದೂ ಇಲ್ಲ. ಆದುದರಿಂದ ತುಕ್ಕು ಹೆಚ್ಚಾಗಿ ಕಣ್ಣಿಗೆ ಬೀಳದ ಒಳಭಾಗದಲ್ಲಿ ಹುಟ್ಟಿ, ಹೊರಗೆ ಬಣ್ಣದ ಮೇಲೆ ಗುಳ್ಳೆ ಏಳುವ ಹೊತ್ತಿಗೆ ಅಲ್ಲಿನ ತಗಡನ್ನು ತಿಂದು ಮುಗಿಸಿರುತ್ತದೆ.

ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಿನ ಸೋಗಾನೆಯಂತಹ, ಮಲೆನಾಡಿನ ಅಂಚಿನ ಊರುಗಳಲ್ಲಿ ಇದನ್ನು ಗಮನಿಸಲು ದೂರ ಹೋಗಬೇಕಾಗಿಲ್ಲ. ಮನೆಯ ಹಿತ್ತಲು, ಗ್ಯಾರೇಜಿನ ಹಿಂಬದಿ, ಪೊಲೀಸ್ ಠಾಣೆಯ ಆವರಣ – ಇಂತಹ ಕಡೆಗಳಲ್ಲಿ ಮಳೆಗಾಲದಿಂದ ಮಳೆಗಾಲಕ್ಕೆ ಕರಗುತ್ತಿರುವ ಕಾರುಗಳು ಕರ್ನಾಟಕದ ಎಲ್ಲೆಡೆ ಇವೆ.

ತುಕ್ಕು ಮತ್ತು ಕಿಲುಬು

ಕನ್ನಡದಲ್ಲಿ ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ತಾಮ್ರ, ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ಈ ಭೇದ ರಸಾಯನಶಾಸ್ತ್ರಕ್ಕೂ ಒಪ್ಪುವಂಥದು. ಕಿಲುಬು ಲೋಹಕ್ಕೆ ಅಂಟಿ ನಿಂತು ಕೆಳಗಿನ ಪದರವನ್ನು ಬಹುಮಟ್ಟಿಗೆ ಕಾಯುತ್ತದೆ. ತುಕ್ಕು ಹಾಗಲ್ಲ. ಅದು ಸಡಿಲವಾಗಿ, ರಂಧ್ರಮಯವಾಗಿ ಬೆಳೆದು, ಹಕ್ಕಳೆಗಳಾಗಿ ಉದುರಿ, ಹೊಸ ಲೋಹವನ್ನು ಗಾಳಿಗೆ ಒಡ್ಡುತ್ತದೆ. ಸ್ಪಂಜಿನಂತೆ ನೀರನ್ನು ಹಿಡಿದಿಡುವುದರಿಂದ ಒಮ್ಮೆ ಹಿಡಿದ ತುಕ್ಕು ಮುಂದಿನ ತುಕ್ಕಿಗೆ ತಾನೇ ನೆಲೆಯಾಗುತ್ತದೆ.

ರಾಸಾಯನಿಕ ಕ್ರಿಯೆ

ತುಕ್ಕು ನೀರಿನ ಅಂಶವನ್ನು ಒಳಗೊಂಡ ಕಬ್ಬಿಣದ ಆಕ್ಸೈಡ್. ಒಣ ಗಾಳಿಯಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯದು. ಆಮ್ಲಜನಕವಿಲ್ಲದ ಶುದ್ಧ ನೀರಿನಲ್ಲಿಯೂ ಹಿಡಿಯದು. ಎರಡೂ ಕೂಡಿದಾಗ ಲೋಹದ ಮೇಲ್ಮೈಯಲ್ಲಿ ಒಂದು ಸಣ್ಣ ವಿದ್ಯುತ್ ಕೋಶವೇ ಏರ್ಪಡುತ್ತದೆ. ಒಂದು ತಾಣದಲ್ಲಿ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಬಿಟ್ಟು ನೀರಿನಲ್ಲಿ ಕರಗುತ್ತವೆ. ಪಕ್ಕದ ತಾಣದಲ್ಲಿ ಆಮ್ಲಜನಕವು ಆ ಎಲೆಕ್ಟ್ರಾನುಗಳನ್ನು ಪಡೆದುಕೊಳ್ಳುತ್ತದೆ. ನೀರಿನಲ್ಲಿ ಉಪ್ಪು ಕರಗಿದ್ದರೆ ವಿದ್ಯುತ್ ಹರಿವು ಸುಲಭವಾಗಿ ಕ್ರಿಯೆ ಚುರುಕಾಗುತ್ತದೆ. ಮಂಗಳೂರು, ಉಡುಪಿಗಳಂತಹ ಕಡಲತೀರದ ಊರಿನಲ್ಲಿ ಓಡಿದ ಕಾರನ್ನು ಘಟ್ಟದ ಮೇಲೆ ತಂದು ನಿಲ್ಲಿಸಿದರೂ ಸಂದುಗಳಲ್ಲಿ ಸೇರಿದ ಉಪ್ಪು ಅದರೊಡನೆಯೇ ಬಂದಿರುತ್ತದೆ.

ನಿಂತ ಕಾರುಗಳ ವಿಷಯದಲ್ಲಿ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಕೊಳೆತ ಎಲೆ, ಕೆಸರು ಅಥವಾ ಒದ್ದೆ ಮ್ಯಾಟಿನ ಅಡಿಯಲ್ಲಿರುವ ಲೋಹಕ್ಕೆ ಆಮ್ಲಜನಕ ಕಡಿಮೆ ಸಿಗುತ್ತದೆ, ಅಂಚಿನಲ್ಲಿ ಹೆಚ್ಚು. ಈ ವ್ಯತ್ಯಾಸದಿಂದಲೇ ಕೋಶ ಉಂಟಾಗಿ, ಆಮ್ಲಜನಕ ಕಡಿಮೆ ಇರುವ ಮರೆಯ ಭಾಗವೇ ಹೆಚ್ಚು ಕರಗುತ್ತದೆ. ತೆರೆದ ಬಾನೆಟ್ಟಿಗಿಂತ ಮುಚ್ಚಿದ ಸಂದಿನಲ್ಲಿ ತೂತು ಬೀಳುವುದು ಈ ಕಾರಣದಿಂದ.

ಕ್ರಿಯೆಯ ದಿಕ್ಕನ್ನು ತಿಳಿಯಲು ಭದ್ರಾವತಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅಲ್ಲಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಮಲೆನಾಡಿನ ಕಾಡುಗಳ ಕಟ್ಟಿಗೆಯ ಇದ್ದಿಲು ಕುಲುಮೆಗೆ ಬಳಕೆಯಾಗುತ್ತಿತ್ತು. ಅದಿರೆಂದರೆ ಕಬ್ಬಿಣದ ಆಕ್ಸೈಡ್. ಇದ್ದಿಲು ಅದರ ಆಮ್ಲಜನಕವನ್ನು ಕಸಿದುಕೊಂಡು ಲೋಹವನ್ನು ಉಳಿಸುತ್ತದೆ. ತುಕ್ಕು ಇದರ ಹಿಮ್ಮುಖ ನಡೆ. ಹಿತ್ತಲಲ್ಲಿ ನಿಂತ ಕಾರಿನ ಅಡಿಯಲ್ಲಿ ಬೀಳುವ ಕೆಂಪು ಪುಡಿಗೂ ಕೆಮ್ಮಣ್ಣಿಗೂ ರಾಸಾಯನಿಕವಾಗಿ ಹತ್ತಿರದ ನೆಂಟಸ್ತಿಕೆ ಇದೆ.

ಹವೆಯ ಪಾತ್ರ

ಸಾಪೇಕ್ಷ ಆರ್ದ್ರತೆ ಸುಮಾರು ಶೇ. 60ನ್ನು ಮೀರಿದರೆ ಬರಿಯ ಉಕ್ಕಿನ ಮೇಲೆ ತುಕ್ಕು ವೇಗ ಪಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರಿನಲ್ಲಿ ಮಲೆನಾಡಿನ ಗಾಳಿ ದಿನಗಟ್ಟಲೆ ಈ ಮಟ್ಟದ ಮೇಲೆಯೇ ಇರುತ್ತದೆ. ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಶಿವಮೊಗ್ಗ, ಭದ್ರಾವತಿಗಳ ಕಡೆ ಮಳೆ ಅದಕ್ಕಿಂತ ಬಹಳ ಕಡಿಮೆ. ಆದರೆ ಕಾರಿಗೆ ಕೇಡು ಮಾಡುವುದು ಸುರಿದ ಮಳೆಯ ಪ್ರಮಾಣಕ್ಕಿಂತ ಲೋಹ ಒದ್ದೆಯಾಗಿ ಉಳಿಯುವ ಅವಧಿ. ಹುಲ್ಲು ಬೆಳೆದ ಮಣ್ಣುನೆಲದ ಮೇಲೆ ನಿಂತ ಕಾರಿನ ತಳಕ್ಕೆ ಮಳೆ ನಿಂತ ಮೇಲೂ ನೆಲದಿಂದ ಆವಿ ಏರುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಟಾರ್ಪಾಲು ಹೊದಿಸುವುದು ಹಲವರು ಮಾಡುವ ತಪ್ಪು; ರಾತ್ರಿ ಅದರೊಳಗೆ ಬೆವರುವ ನೀರು ಅಲ್ಲಿಯೇ ಉಳಿಯುತ್ತದೆ.

ಹೊಸನಗರ ತಾಲ್ಲೂಕಿನ ಕೊಡಚಾದ್ರಿಯಲ್ಲಿ ಮೂಕಾಂಬಿಕಾ ಗುಡಿಯ ಬಳಿ ಪ್ರಾಚೀನ ವಿಧಾನದಲ್ಲಿ ತಯಾರಾದ ಕಬ್ಬಿಣದ ಕಂಬವೊಂದು ಅತಿ ಹೆಚ್ಚು ಮಳೆ ಬೀಳುವ ಪ್ರದೇಶದಲ್ಲಿಯೂ ನಿಂತಿದೆ. ಅದನ್ನು ಕಾರಿನೊಡನೆ ಹೋಲಿಸಿ ಇಂದಿನ ಉಕ್ಕನ್ನು ಹಳಿಯುವುದು ಸರಿಯಲ್ಲ. ಲೋಹದ ಗುಣದ ಮಾತು ಹಾಗಿರಲಿ, ಘನವಾದ ಕಂಬದಿಂದ ನೀರು ಜಾರಿ ಹೋಗುತ್ತದೆ. ಕಾರಿನ ತಗಡು ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತಲೂ ತೆಳು. ಅದರ ತುಂಬ ಮಡಿಕೆಗಳು ಮತ್ತು ಟೊಳ್ಳುಗಳು.

ತುಕ್ಕು ಆರಂಭವಾಗುವ ಸ್ಥಳಗಳು

ಗಾಜಿನ ಬುಡದಲ್ಲಿ, ವೈಪರುಗಳ ಕೆಳಗೆ ಇರುವ ಕಾಲುವೆಯಲ್ಲಿ ಎಲೆ ತುಂಬಿದರೆ ನೀರು ಹೊರಹೋಗುವ ರಂಧ್ರ ಕಟ್ಟಿಕೊಂಡು ಒಳಕ್ಕೆ ಸೋರುತ್ತದೆ. ಅದು ಇಳಿಯುವುದು ಚಾಲಕನ ಕಾಲ ಕೆಳಗಿನ ನೆಲಹಾಸಿಗೆ. ಮೇಲೆ ಒಣಗಿದಂತೆ ಕಾಣುವ ಹಾಸಿನ ಅಡಿಯ ಪದರ ತಿಂಗಳುಗಟ್ಟಲೆ ಒದ್ದೆಯಾಗಿರಬಹುದು. ಬಾಗಿಲುಗಳ ಕೆಳಅಂಚಿನಲ್ಲಿಯೂ ಇಂತಹ ರಂಧ್ರಗಳಿವೆ. ಅವು ಧೂಳಿನಿಂದ ಮುಚ್ಚಿದಾಗ ಬಾಗಿಲೇ ನೀರಿನ ತೊಟ್ಟಿಯಾಗುತ್ತದೆ. ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗಿನ ಅಡಿ, ಚಕ್ರದ ಮೇಲಿನ ಕಮಾನಿನ ಒಳಮಡಿಕೆ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಳಿ, ಆಮ್ಲ ಚೆಲ್ಲುವ ಬ್ಯಾಟರಿ ತಟ್ಟೆ ಇವೂ ಹೀಗೆಯೇ.

ಇವೆಲ್ಲಕ್ಕಿಂತ ಅಪಾಯಕಾರಿಯಾದುದು ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಟೊಳ್ಳು ಪಟ್ಟಿ. ಜೀಪಿನಲ್ಲಿ ಭಾರ ಹೊರುವುದು ಪ್ರತ್ಯೇಕವಾದ ಚಾಸಿ. ಅಂಬಾಸಿಡರ್, ಮಾರುತಿ 800 ಮುಂತಾದ ಕಾರುಗಳಲ್ಲಿ ಬಾಡಿಯೇ ಚಾಸಿ; ನೆಲದ ತಗಡು ಮತ್ತು ಈ ಪಟ್ಟಿಗಳೇ ಕಾರಿನ ಬೆನ್ನೆಲುಬು. ಆದುದರಿಂದ ಅಲ್ಲಿನ ತುಕ್ಕು ಅಂದದ ಪ್ರಶ್ನೆಯಲ್ಲ. ಅಪಘಾತದಲ್ಲಿ ಆಘಾತವನ್ನು ತಡೆಯಬೇಕಾದ ಭಾಗ ಕಾಗದದಂತೆ ಮಡಚಬಹುದು. ಸಸ್ಪೆನ್ಷನ್ ಜೋಡಿಸಿದ ಜಾಗ ಕಿತ್ತು ಬರಬಹುದು. 1983ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಮತ್ತು ಅದೇ ಕಾಲದಲ್ಲಿ ಓಡುತ್ತಿದ್ದ ಅಂಬಾಸಿಡರ್, ಪದ್ಮಿನಿಗಳಿಗೆ ಹೋಲಿಸಿದರೆ ಸತುವಿನ ಲೇಪವುಳ್ಳ ತಗಡಿನ ಬಳಕೆ ಇಂದಿನ ಕಾರುಗಳಲ್ಲಿ ಹೆಚ್ಚು. ಬಣ್ಣ ಗೀರಿದರೂ ಸತುವು ಮೊದಲು ತಾನು ಕರಗಿ ಉಕ್ಕನ್ನು ಕಾಯುತ್ತದೆ.

ಯಂತ್ರಭಾಗಗಳು

ಬ್ರೇಕ್ ಡಿಸ್ಕಿನ ಮೇಲೆ ಒಂದು ರಾತ್ರಿಯ ಮಳೆಗೇ ಕೆಂಪು ಪದರ ಮೂಡುತ್ತದೆ. ಓಡಿಸಿದರೆ ಅದು ಉಜ್ಜಿ ಹೋಗುತ್ತದೆ. ವರ್ಷಗಳು ಕಳೆದರೆ ಗುಳಿ ಬೀಳುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟ ಕಾರಿನಲ್ಲಿ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವುದರಿಂದ ಸಿಲಿಂಡರು ಮತ್ತು ಕೊಳವೆಗಳಿಗೆ ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಅರ್ಧ ಖಾಲಿಯಾದ ಉಕ್ಕಿನ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗದಲ್ಲಿ ತೇವ ಹನಿಗಟ್ಟುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲ್ ನೀರನ್ನು ಹೀರಿ, ಹೆಚ್ಚಾದಾಗ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತದೆ. ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಬೀಡುಕಬ್ಬಿಣದ ಸಿಲಿಂಡರಿಗೆ ಅಂಟಿಕೊಳ್ಳುವುದುಂಟು. ವಾರಕ್ಕೊಮ್ಮೆ ಐದು ನಿಮಿಷ ಎಂಜಿನ್ ಚಾಲೂ ಮಾಡಿ ಆರಿಸುವ ರೂಢಿ ಉಪಕಾರಕ್ಕಿಂತ ಅಪಕಾರ ಮಾಡುತ್ತದೆ: ದಹನದಿಂದ ಉಂಟಾದ ನೀರು ಆವಿಯಾಗಿ ಹೋಗುವಷ್ಟು ಸೈಲೆನ್ಸರ್ ಬಿಸಿಯಾಗಿರುವುದಿಲ್ಲ.

ಪರೀಕ್ಷೆ ಮತ್ತು ದುರಸ್ತಿ

ಹಳೆಯ ಕಾರು ಕೊಳ್ಳುವವರು ಹೊಳಪನ್ನು ನಂಬಬಾರದು. ಟಿಂಕರಿಂಗ್ ಕೆಲಸದವರು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡುತ್ತಾರೆ. ಗಟ್ಟಿ ತಗಡು ಖಣಖಣ ಎನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡುತ್ತದೆ ಇಲ್ಲವೆ ಒಳಕ್ಕೆ ಕುಸಿಯುತ್ತದೆ. ಪುಟ್ಟಿ ದಪ್ಪಗೆ ಮೆತ್ತಿದ ಕಡೆ ಅಯಸ್ಕಾಂತ ಹಿಡಿಯುವುದಿಲ್ಲ. ಹಾಸುಗಳನ್ನು ಎತ್ತಿ, ಕಾರನ್ನು ಮೇಲೇರಿಸಿ ತಳವನ್ನು ನೋಡದೆ ಮಾಡಿದ ವ್ಯಾಪಾರ ಕುರುಡು ವ್ಯಾಪಾರ.

ಮೇಲ್ಪದರದ ತುಕ್ಕನ್ನು ಉಜ್ಜಿ ಪ್ರೈಮರ್ ಬಳಿದರೆ ಸಾಕು. (ಇದಕ್ಕೆ ಬಳಸುವ ರೆಡ್ ಆಕ್ಸೈಡ್ ಪ್ರೈಮರಿನ ಕೆಂಪು ಬಣ್ಣವೂ ಕಬ್ಬಿಣದ ಆಕ್ಸೈಡಿನದೇ.) ತೂತು ಬಿದ್ದಿದ್ದರೆ ಕೊಳೆತ ಭಾಗವನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಹೊಸ ತಗಡನ್ನು ಬೆಸೆಯುವುದೊಂದೇ ದಾರಿ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ದುರಸ್ತಿಯಲ್ಲ, ಮರೆಮಾಚುವಿಕೆ. ಪೆಟ್ರೋಲ್ ಟ್ಯಾಂಕಿನ ಬಳಿ ಬೆಸುಗೆ ಹಾಕುವ ಮೊದಲು ಅದನ್ನು ಕಳಚಿ ದೂರ ಇಡಬೇಕು. ಬರಿದಾದ ಟ್ಯಾಂಕಿನೊಳಗಿನ ಆವಿ ಸ್ಫೋಟಿಸಬಲ್ಲದು.

ನಿಲ್ಲಿಸಲೇಬೇಕಾದಾಗ ತಳವನ್ನು ತೊಳೆದು ಪೂರ್ತಿ ಒಣಗಿಸಿ, ಸಿಮೆಂಟು ನೆಲದ, ಗಾಳಿಯಾಡುವ ಕೊಟ್ಟಿಗೆಯಲ್ಲಿ ಇಡುವುದು, ಚಕ್ರಗಳಿಗೆ ಅಡೆ ಕೊಟ್ಟು ಹ್ಯಾಂಡ್‌ಬ್ರೇಕ್ ಸಡಿಲಿಸುವುದು, ಬಟ್ಟೆಯ ಹೊದಿಕೆ ಬಳಸುವುದು ಉತ್ತಮ. ಮಳೆ ಹೆಚ್ಚಿರುವ ಧರ್ಮಸ್ಥಳದಲ್ಲಿಯೂ ಹಳೆಯ ಕಾರುಗಳ ಸಂಗ್ರಹವೊಂದು ಸುಸ್ಥಿತಿಯಲ್ಲಿರುವುದು ಸೂರು ಮತ್ತು ಆರೈಕೆಗಳ ಫಲ.

ಜಪ್ತಿ ವಾಹನಗಳು

ಮಾಲೀಕನ ಉದಾಸೀನವಿಲ್ಲದೆಯೂ ಕಾರು ತುಕ್ಕು ಹಿಡಿಯುವ ಒಂದು ಸಂದರ್ಭ ಇದು. ಅಪರಾಧ ಪ್ರಕರಣಗಳಲ್ಲಿ ವಶಪಡಿಸಿಕೊಂಡ ವಾಹನಗಳು ವಿಚಾರಣೆ ಮುಗಿಯುವವರೆಗೆ ಠಾಣೆಯ ಬಯಲಿನಲ್ಲಿ ನಿಲ್ಲುತ್ತವೆ. ತೀರ್ಪು ಬರುವ ಹೊತ್ತಿಗೆ ಮಾಲೀಕನಿಗೆ ಮರಳುವುದು ಗುಜರಿ. ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ (2002) ಸುಪ್ರೀಂ ಕೋರ್ಟ್ ಇಂತಹ ವಾಹನಗಳನ್ನು ದೀರ್ಘಕಾಲ ಠಾಣೆಯಲ್ಲಿ ಇಡುವುದರಿಂದ ಯಾವ ಪ್ರಯೋಜನವೂ ಇಲ್ಲವೆಂದು ಹೇಳಿ, ಛಾಯಾಚಿತ್ರ ಮತ್ತು ಪಂಚನಾಮೆಗಳನ್ನು ಸಾಕ್ಷ್ಯಕ್ಕಾಗಿ ಇಟ್ಟುಕೊಂಡು, ಸೂಕ್ತ ಬಾಂಡು ಮತ್ತು ಜಾಮೀನು ಪಡೆದು ವಾಹನವನ್ನು ಬಿಟ್ಟುಕೊಡಬೇಕೆಂದು ಸೂಚಿಸಿತು. ಆಗ ಇದಕ್ಕೆ ಆಧಾರವಾಗಿದ್ದುದು ದಂಡ ಪ್ರಕ್ರಿಯಾ ಸಂಹಿತೆಯ 451 ಮತ್ತು 457ನೆಯ ಕಲಮುಗಳು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497 ಮತ್ತು 503. ಬಿಡುಗಡೆ ತಾನಾಗಿ ಆಗುವುದಿಲ್ಲ. ಮಾಲೀಕ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ಎಷ್ಟೋ ಮಂದಿಗೆ ಈ ಅವಕಾಶ ತಿಳಿದಿರುವುದೇ ಇಲ್ಲ. ತಿಳಿಯುವ ಹೊತ್ತಿಗೆ ಎರಡು ಮೂರು ಮಳೆಗಾಲ ಕಳೆದಿರುತ್ತದೆ.

ನೋಂದಣಿ ಮತ್ತು ಗುಜರಿ

ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಮಾನ್ಯತೆಯಿದ್ದು, ಆನಂತರ ವಾಹನವನ್ನು ಪರೀಕ್ಷೆಗೆ ಒಡ್ಡಿ ಐದೈದು ವರ್ಷಗಳಿಗೆ ನವೀಕರಿಸಬಹುದು. ದುರಸ್ತಿಗೆ ಮೀರಿದ ವಾಹನಗಳನ್ನು ಅಧಿಕೃತ ಕೇಂದ್ರಗಳಲ್ಲಿ ಒಡೆಯುವ ನಿಯಮಗಳನ್ನು ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿತು. ಅಂತಹ ಕೇಂದ್ರಕ್ಕೆ ಕಾರನ್ನು ಒಪ್ಪಿಸಿದಾಗ ಠೇವಣಿ ಪ್ರಮಾಣಪತ್ರ ದೊರೆಯುತ್ತದೆ. ನೋಂದಣಿ ರದ್ದಾಗದೆ ಬಿಡಿಬಿಡಿಯಾಗಿ ಮಾರಿದ ಕಾರಿನ ಸಂಖ್ಯೆ ದಾಖಲೆಯಲ್ಲಿ ಮಾಲೀಕನ ಹೆಸರಿನಲ್ಲಿಯೇ ಉಳಿದಿರುತ್ತದೆ.