ಮರುಳು ಮತ್ತು ಮರಳಿ ಬಂದವರು

ಬೆಳ್ಮಣ್ಣಿನ ಹೆಸರೆತ್ತಿದೊಡನೆ ಶಾಸನಾಸಕ್ತರಿಗೆ ನೆನಪಾಗುವುದು ಇಮ್ಮಡಿ ಆಳುವರಸನ ತಾಮ್ರಪಟ. ಎಂಟನೆಯ ಶತಮಾನದ್ದೆಂದು ವಿದ್ವಾಂಸರು ನಿರ್ಣಯಿಸಿರುವ, ಜೋಡಿ ಮೀನಿನ ಲಾಂಛನವುಳ್ಳ ಆ ಪಟವನ್ನು ಕನ್ನಡದ ಅತಿ ಪ್ರಾಚೀನ ತಾಮ್ರಶಾಸನವೆಂದು ನಾವು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅದೇ ಊರಿನ ಬಾಯಿಮಾತಿನಲ್ಲಿ ಉಳಿದುಬಂದ ಇನ್ನೊಂದು ಪ್ರಾಚೀನ ವಸ್ತುವಿದೆ. ಅದನ್ನು ನಾವು ತರಗತಿಗೆ ತರುವುದಿಲ್ಲ. ತುಳುವಿನ ‘ಮರ್ಲ್’ ಎಂಬ ಪದವದು. ಹಳಗನ್ನಡದ ‘ಮರುಳ್’ ಇದರ ಒಡಹುಟ್ಟು. ಹಳಗನ್ನಡದಲ್ಲಿ ಈ ಶಬ್ದಕ್ಕೆ ಭ್ರಮೆ, ಬುದ್ಧಿವಿಕಲತೆ ಎಂಬ ಅರ್ಥಗಳೂ ಪಿಶಾಚಿ ಎಂಬ ಅರ್ಥವೂ ಒಟ್ಟಿಗೇ ಇವೆ. ಮನಸ್ಸು ಕೆಟ್ಟವನನ್ನೂ ಅವನನ್ನು ಹಿಡಿದದ್ದೆಂದು ಜನ ಭಾವಿಸಿದ ಭೂತವನ್ನೂ ಭಾಷೆ ಒಂದೇ ಹೆಸರಿನಿಂದ ಕರೆಯಿತು. ಕಾಯಿಲೆಯವನೂ ಕಾಯಿಲೆಯೂ ಬೇರೆಯೆಂಬ ವಿವೇಕ ಈ ಪದದೊಳಗೆ ಇಲ್ಲ. ನಮ್ಮ ಸಂಕೋಚದ ಬೇರು ಅಲ್ಲಿಯೇ ಇರಬಹುದೆಂದು ನನಗೆ ಅನಿಸುತ್ತದೆ.

ಹಾಗಿದ್ದರೂ ನಮ್ಮ ಪೂರ್ವಿಕರೆಲ್ಲರೂ ಈ ವಿಷಯದಲ್ಲಿ ಮೌನ ತಾಳಿದ್ದರೆಂದು ಹೇಳಲಾಗದು. ರವಿಷೇಣಾಚಾರ್ಯರ ‘ಪದ್ಮಪುರಾಣ’ದಲ್ಲಿ ಬರುವ ಒಂದು ಸಂದರ್ಭವನ್ನು ನೋಡಬೇಕು. ವಾಲ್ಮೀಕಿಯನ್ನು ಮಾತ್ರ ಓದಿದವರಿಗೆ ಇದು ಅಪರಿಚಿತ. ರಾಮನು ಸತ್ತನೆಂಬ ಸುಳ್ಳು ಸುದ್ದಿಯನ್ನು ಕೇಳಿದ ಲಕ್ಷ್ಮಣ ಕುಳಿತಲ್ಲಿಯೇ ಪ್ರಾಣ ಬಿಡುತ್ತಾನೆ. ತಮ್ಮನ ದೇಹವನ್ನು ಕಂಡ ರಾಮ ಅದನ್ನು ಮರಣವೆಂದು ಒಪ್ಪುವುದಿಲ್ಲ. ಶವಕ್ಕೆ ಸ್ನಾನ ಮಾಡಿಸುತ್ತಾನೆ, ಉಡಿಸುತ್ತಾನೆ, ತುತ್ತಿಡುತ್ತಾನೆ, ಹಾಸಿಗೆಯಲ್ಲಿ ಮಲಗಿಸಿ ಮಾತನಾಡಿಸುತ್ತಾನೆ. ಸುಗ್ರೀವ, ವಿಭೀಷಣರು ಸಂಸ್ಕಾರದ ಮಾತೆತ್ತಿದರೆ ಸಿಡಿಮಿಡಿಗೊಳ್ಳುತ್ತಾನೆ. ಹೀಗೆ ಆರು ತಿಂಗಳು. ಕೃಷ್ಣನ ಶವವನ್ನು ಬಲಭದ್ರನು ಹೊತ್ತು ತಿರುಗಿದ ಕಥೆಯನ್ನು ಜಿನಸೇನರ ‘ಹರಿವಂಶಪುರಾಣ’ವೂ (ಕ್ರಿ.ಶ. 783) ಇದೇ ಬಗೆಯಲ್ಲಿ ಹೇಳುತ್ತದೆ.

ಈ ಕಥೆಯಲ್ಲಿ ನನ್ನ ಗಮನ ಸೆಳೆಯುವುದು ಚಿಕಿತ್ಸೆಯ ಕ್ರಮ. ಹಿಂದೆ ಸೇನಾಪತಿಯಾಗಿದ್ದು ದೀಕ್ಷೆ ವಹಿಸಿ ದೇವನಾದ ಕೃತಾಂತವಕ್ತ್ರನೂ ಅಂತೆಯೇ ದೇವಗತಿ ಪಡೆದ ಜಟಾಯುವೂ ರಾಮನೆದುರಿಗೆ ಬರುತ್ತಾರೆ. ಅವರು ಉಪದೇಶ ಮಾಡುವುದಿಲ್ಲ, ಗದರುವುದಿಲ್ಲ. ಒಣಗಿದ ಮರಕ್ಕೆ ನೀರೆರೆಯುತ್ತಾರೆ, ಬಂಡೆಯ ಮೇಲೆ ಬಿತ್ತುತ್ತಾರೆ, ನೀರನ್ನು ಕಡೆಯುತ್ತಾರೆ, ಮರಳನ್ನು ಗಾಣಕ್ಕೆ ಹಾಕುತ್ತಾರೆ. ಇದೇನು ಹುಚ್ಚು ಕೆಲಸವೆಂದು ರಾಮನೇ ಕೇಳುವವರೆಗೆ ಕಾಯುತ್ತಾರೆ. ಸತ್ತವನನ್ನು ಹೊತ್ತ ನೀನು ನಮ್ಮನ್ನು ಹೀಗೆ ಕೇಳಬಹುದೇ ಎಂಬ ಅರ್ಥದ ಒಂದು ಮಾತು ಸಾಕಾಗುತ್ತದೆ. ರಾಮನಿಗೆ ಅರಿವು ಮರಳುತ್ತದೆ. ಅನಂತರ ಅವನು ದೀಕ್ಷೆ ಪಡೆದು ಮೋಕ್ಷಕ್ಕೆ ಸಲ್ಲುತ್ತಾನೆ. ಆ ಆರು ತಿಂಗಳನ್ನು ಪುರಾಣಕಾರರು ಮುಚ್ಚಿಡಲಿಲ್ಲ. ಅದರಿಂದಾಗಿ ರಾಮನ ಶಲಾಕಾಪುರುಷತ್ವಕ್ಕೆ ಕುಂದು ಬಂದಿತೆಂದೂ ಹೇಳಲಿಲ್ಲ.

ಶಾಸ್ತ್ರದ ನೆಲೆಯಲ್ಲಿಯೂ ಇದಕ್ಕೆ ಆಧಾರವಿದೆ. ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಮತ್ತು ಮೂರು ವೇದಗಳನ್ನು ತತ್ತ್ವಾರ್ಥಸೂತ್ರವು ನೋಕಷಾಯಗಳೆಂದು ಎಣಿಸುತ್ತದೆ. ಯಾವುದರಲ್ಲಿಯೂ ಮನಸ್ಸು ನಿಲ್ಲದ ಅರತಿ, ಕಾರಣವಿದ್ದೂ ಇಲ್ಲದೆಯೂ ಕಾಡುವ ಭಯ, ಮುಗಿಯದ ಶೋಕ ಇವೆಲ್ಲ ಸಂಸಾರಿ ಜೀವಕ್ಕೆ ಸಹಜವಾಗಿ ಒದಗುವಂಥವು. ಯಾವುದೋ ಒಂದು ಮನೆತನದ ಕಳಂಕವೆಂದು ಸೂತ್ರಕಾರರು ಇವನ್ನು ಬಗೆಯಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ‘ಕರ್ಮದ ಫಲವೆಂದ ಮೇಲೆ ವೈದ್ಯರು ಮಾಡುವುದೇನು?’ ಈ ಮಾತನ್ನು ನಮ್ಮ ಹಿರಿಯರಿಂದಲೇ ನಾನು ಅನೇಕ ಸಲ ಕೇಳಿದ್ದೇನೆ. ಜ್ವರವೂ ಅಸಾತಾವೇದನೀಯ ಕರ್ಮದ ಉದಯವೇ. ಜ್ವರ ಬಂದಾಗ ಯಾರೂ ಹೀಗೆ ತರ್ಕಿಸುತ್ತ ಕೂರುವುದಿಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಔಷಧಕ್ಕೆ ಸ್ಥಾನ ಕೊಟ್ಟದ್ದು ಇದೇ ಪರಂಪರೆ. ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ಜೈನ ಮುನಿಗಳು. ಚರಕಸಂಹಿತೆಯಂತೂ ಉನ್ಮಾದವನ್ನು ವಾತ, ಪಿತ್ತ, ಕಫಗಳ ವೈಷಮ್ಯದಿಂದ ಬಂದದ್ದು, ಮೂರೂ ಕೂಡಿ ಬಂದದ್ದು, ಹೊರಗಿನಿಂದ ಬಂದದ್ದು ಎಂದು ವಿಂಗಡಿಸಿ ಪ್ರತ್ಯೇಕ ಅಧ್ಯಾಯದಲ್ಲಿ ಚಿಕಿತ್ಸೆ ಹೇಳಿದೆ.

ಆಧುನಿಕ ಕಾಲಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ 1847ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಸಂಸ್ಥೆಯ ಹೆಸರು ‘ಲುನಾಟಿಕ್ ಅಸೈಲಂ’. 1925ರಲ್ಲಿ ಮೈಸೂರು ಸರ್ಕಾರ ಅದನ್ನು ‘ಮೆಂಟಲ್ ಹಾಸ್ಪಿಟಲ್’ ಎಂದು ಬದಲಾಯಿಸಿತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ ಡಾ. ಎಂ. ವಿ. ಗೋವಿಂದಸ್ವಾಮಿ ಅದರ ನಿರ್ದೇಶಕರಾದರು. ಇವೆರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಹೆಸರು ಎಷ್ಟು ಸಲ ಬದಲಾದರೂ ಜನರ ಬಾಯಲ್ಲಿ ಅದು ‘ಹುಚ್ಚಾಸ್ಪತ್ರೆ’ಯಾಗಿಯೇ ಉಳಿಯಿತು. ಜನರನ್ನಷ್ಟೇ ದೂರಿ ಫಲವಿಲ್ಲ. 1912ರ ಲುನಸಿ ಕಾಯಿದೆಯಂತೆ ರೋಗಿಯನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಿದ್ದುದು ಮ್ಯಾಜಿಸ್ಟ್ರೇಟರ ಆದೇಶದ ಮೇಲೆ. 1987ರ ಕಾಯಿದೆ 1993ರಲ್ಲಿ ಜಾರಿಗೆ ಬರುವವರೆಗೂ ಅದೇ ಕಾನೂನು. ಕೋರ್ಟಿನ ಬಾಗಿಲನ್ನು ಹಾದುಹೋಗಬೇಕಾದ ಕಾಯಿಲೆಯನ್ನು ಊರವರು ಅಪರಾಧದ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವೇನು?

ಈ ಕತ್ತಲೆಯನ್ನು ಕನ್ನಡದಲ್ಲಿ ಮೊದಲು ಧೈರ್ಯವಾಗಿ ಮುಟ್ಟಿದವರಲ್ಲಿ ತ್ರಿವೇಣಿ ಪ್ರಮುಖರು. ಮೈಸೂರಿನಲ್ಲಿ ಮನಃಶಾಸ್ತ್ರವನ್ನು ಓದಿದ್ದ ಅವರ ‘ಶರಪಂಜರ’ದ ಕಾವೇರಿ ಹೆರಿಗೆಯ ಅನಂತರ ಮನಸ್ಸಿನ ಸ್ಥಿಮಿತ ಕಳೆದುಕೊಂಡು ಆಸ್ಪತ್ರೆ ಸೇರುತ್ತಾಳೆ. ಕಾದಂಬರಿಯ ನಿಜವಾದ ದುರಂತ ಅದಲ್ಲ. ಅವಳು ಗುಣಮುಖಳಾಗುತ್ತಾಳೆ, ಮನೆಗೆ ಮರಳುತ್ತಾಳೆ. ಮನೆ ಅವಳನ್ನು ಮರಳಿ ಪಡೆಯುವುದಿಲ್ಲ. ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ನೆರೆಯವರ ಕಣ್ಣು, ಗಂಡನ ವಿಮುಖತೆ. ಆ ನೋಟಗಳೇ ಬಾಣಗಳಾಗಿ ಅವಳನ್ನು ಪುನಃ ಆಸ್ಪತ್ರೆಗೆ ಅಟ್ಟುತ್ತವೆ. ಪುರಾಣದ ರಾಮನಿಗೆ ದೊರೆತದ್ದು ಇಪ್ಪತ್ತನೆಯ ಶತಮಾನದ ಕಾವೇರಿಗೆ ದೊರೆಯಲಿಲ್ಲ. ರಾಮ ಗಂಡಸು, ಅರಸು ಎಂಬುದೂ ಈ ವ್ಯತ್ಯಾಸಕ್ಕೆ ಕಾರಣವೆಂದು ಒಪ್ಪಲೇಬೇಕು. ಹೆರಿಗೆಯ ಅನಂತರದ ಕಾಯಿಲೆಯನ್ನು ಬರೆದ ತ್ರಿವೇಣಿ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಪುಟ್ಟಣ್ಣ ಕಣಗಾಲರು ಈ ಕಾದಂಬರಿಯನ್ನು ಚಲನಚಿತ್ರವಾಗಿಸಿದರು. ಕಾವೇರಿಯ ಪಾತ್ರ ವಹಿಸಿದ ಕಲ್ಪನಾ ನಮ್ಮ ಕರಾವಳಿಯ ಮೂಲದವರು. 1979ರಲ್ಲಿ ಸಂಭವಿಸಿದ ಅವರ ಸಾವನ್ನು ನಾಡು ಇಂದಿಗೂ ಕುತೂಹಲದ ಕಥೆಯಾಗಿ ಹೇಳುತ್ತದೆ. ಅವರ ಸಂಕಟದ ಬಗ್ಗೆ ಮಾತನಾಡುವುದು ಕಡಿಮೆ.

ಬೆಳ್ಮಣ್ಣಿನಿಂದ ಮಣಿಪಾಲ ದೂರದ ಊರಲ್ಲ. ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದದ್ದು 1953ರಲ್ಲಿ. ಹೃದಯದ, ಮೂತ್ರಪಿಂಡದ ತೊಂದರೆಗೆ ಅಲ್ಲಿಗೆ ಹೋಗಿಬಂದದ್ದನ್ನು ನಮ್ಮವರು ಬಸ್ಸಿನಲ್ಲಿಯೇ ವಿವರವಾಗಿ ಹೇಳಿಕೊಳ್ಳುತ್ತಾರೆ. ಮನೋರೋಗ ವಿಭಾಗಕ್ಕೆ ಹೋದವರು ಮಾತ್ರ ‘ಸುಮ್ಮನೆ ಚೆಕಪ್’ ಎನ್ನುತ್ತಾರೆ. ಮನೆಯಲ್ಲಿ ಮದುವೆಯ ಪ್ರಾಯದ ಹುಡುಗಿಯಿದ್ದರಂತೂ ಮಾತ್ರೆಯ ಚೀಟಿಯೂ ಕಪಾಟಿನ ಒಳಗೆ. ದೈವದ ಮುಂದೆ ನಿಂತು ನುಡಿ ಕೇಳುವುದನ್ನು ನಾನು ಹೀಗಳೆಯಲಾರೆ. ಊರೆಲ್ಲ ಸೇರಿದ ಎಡೆಯಲ್ಲಿ ಕಷ್ಟವನ್ನು ಬಾಯಿಬಿಟ್ಟು ಹೇಳಲು ಸಾಧ್ಯವಾಗುವುದು ಅಲ್ಲಿಯೇ. ಆದರೆ ಅಲ್ಲಿಂದ ವೈದ್ಯರ ಬಳಿಗೆ ಹೋಗುವ ದಾರಿ ಮುಚ್ಚಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ, ಅವರ ವಿವರಗಳನ್ನು ಗೋಪ್ಯವಾಗಿಡಬೇಕೆಂದಿದೆ. 2022ರಿಂದ ‘ಟೆಲಿ ಮಾನಸ್’ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಬೆಳ್ಮಣ್ಣಿನ ನೆರೆಯ ನಂದಳಿಕೆಯ ಮುದ್ದಣ 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿ, ಕ್ಷಯದಿಂದ ತೀರಿಕೊಂಡ. ಕ್ಷಯವೆಂದರೆ ಸಂಬಂಧ ಕುದುರದು ಎಂಬ ಕಾರಣಕ್ಕೆ ಆ ಹೆಸರನ್ನೇ ಉಚ್ಚರಿಸದ ಮನೆಗಳು ನಮ್ಮ ಅಜ್ಜಿಯಂದಿರ ಕಾಲದಲ್ಲಿಯೂ ಇದ್ದವು. ಇಂದು ಕವಿಯ ಚರಿತ್ರೆಯನ್ನು ಬರೆಯುವ ಹತ್ತನೆಯ ತರಗತಿಯ ಮಕ್ಕಳೂ ಅದನ್ನು ಕಾಯಿಲೆಯ ಹೆಸರಾಗಿ ಮಾತ್ರ ಬರೆಯುತ್ತಾರೆ, ಮುಂದಿನ ವಾಕ್ಯಕ್ಕೆ ಹೋಗುತ್ತಾರೆ.