ಕೈ ಹಿಂಡುಯಂತ್ರ

ಒದ್ದೆ ಬಟ್ಟೆಯನ್ನು ಎರಡು ರಬ್ಬರ್ ರೋಲರ್‌ಗಳ ನಡುವೆ ಹಾಯಿಸಿ, ಹಿಡಿಕೆ ತಿರುಗಿಸಿ ನೀರು ಹಿಂಡುವ ಸಾಧನ. ಕೆನಡಾದ ಜಾನ್ ಟರ್ನ್‌ಬುಲ್ 1843ರಲ್ಲಿ ಇಂಥ ರೋಲರ್‌ಗಳಿದ್ದ ಬಟ್ಟೆ ಒಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ವಿದ್ಯುತ್ ವಾಷಿಂಗ್ ಮೆಷಿನ್ ಬಂದ ಮೇಲೆ ಹಿಂಡುಯಂತ್ರ ಮನೆಗಳಲ್ಲಿ ಮೂಲೆ ಸೇರಿದರೂ, ಅಮೆರಿಕದಲ್ಲಿ ಕಾರು ತೊಳೆಯುವವರು ಇದನ್ನು ಬಿಟ್ಟಿಲ್ಲ. ಕಾರು ಒರೆಸುವ ಶಾಮಿ ಚರ್ಮವನ್ನೋ ಮೈಕ್ರೋಫೈಬರ್ ಟವೆಲನ್ನೋ ಕೈಯಲ್ಲಿ ತಿರುಚಿದರೆ ಮಣಿಕಟ್ಟು ನೋಯುತ್ತದೆ, ಬಟ್ಟೆಯೂ ಜಗ್ಗುತ್ತದೆ. ರೋಲರ್‌ನ ಒತ್ತಡ ಸಮನಾಗಿ ಬೀಳುತ್ತದೆ. ಟವೆಲಿನ ದಪ್ಪಕ್ಕೆ ತಕ್ಕಂತೆ ರೋಲರ್‌ಗಳ ಮೇಲಿನ ತಿರುಪನ್ನು ಬಿಗಿ ಮಾಡಬೇಕು. ಮರಳಿನ ಕಣವಿದ್ದ ಟವೆಲನ್ನು ಜಾಲಾಡಿಸದೆ ಹಿಂಡಿದರೆ ಕಣ ಎಳೆಯೊಳಗೆ ಕೂತು, ಮತ್ತೆ ಒರೆಸುವಾಗ ಬಣ್ಣಕ್ಕೆ ಗೀರು ಬೀಳಬಹುದು. ಕೆಲಸ ಮುಗಿದ ಮೇಲೆ ತಿರುಪು ಸಡಿಲಿಸದಿದ್ದರೆ ರಬ್ಬರ್ ಚಪ್ಪಟೆಯಾಗುತ್ತದೆ. ದಿನವೂ ರಾಶಿ ಟವೆಲ್ ಹಿಂಡುವವರಿಗೆ ಇದು ಉಪಯುಕ್ತ. ಸ್ವಂತದ ಒಂದು ಕಾರಿಗೆ ಕೈಯೇ ಸಾಕು.